ಹೆಸರು ಹೇಳಿ, ಊರು ಹೇಳಿ

ಆಮೆನ್ ಎಂದಾದ ಮೇಲೆಯೇ ನೇತ್ರಾವತಿಗೆ ತಾನು ಯಾವುದಕ್ಕೆ ಆಮೆನ್ ಎಂದೆ ಎಂಬುದು ತಿಳಿದದ್ದು. ಶುಕ್ರವಾರದ ಉಪವಾಸ ಪ್ರಾರ್ಥನೆ ಶುರುವಾಗಿ ಬಹಳ ಹೊತ್ತಾಗಿತ್ತು. ಖಾಲಿ ಹೊಟ್ಟೆ, ತಲೆಯ ಮೇಲೆ ಸೆರಗು, ಮುಚ್ಚಿದ ರೆಪ್ಪೆಗಳ ಮೇಲೆ ತಗಡಿನ ಸೂರಿನ ಕಾವು. ಪಾಸ್ಟರ್ ಹೊನ್ನಯ್ಯನವರ ಧ್ವನಿ ಒಮ್ಮೆ ಎದುರಿನಿಂದ, ಅದರ ಬೆನ್ನಿಗೇ ಇನ್ನೊಮ್ಮೆ ಸೂರಿನ ಮೇಲೆ ಬೀದಿಗೆ ಮುಖ ಮಾಡಿ ಕಟ್ಟಿದ್ದ ಲೌಡ್‌ಸ್ಪೀಕರಿನಿಂದ ಬರುತ್ತಿತ್ತು. ಆ ಎರಡು ಧ್ವನಿಗಳ ನಡುವೆ ತೂಗುತ್ತ ಅವಳು ಅರೆನಿದ್ದೆಯಂಥ ಸುಖದಲ್ಲಿದ್ದಳು. "ಕರ್ತನೇ, ಕುಣಿಗಲ್ಲಿನಲ್ಲಿ, ಕೆರೆ ಏರಿಯ ಕೆಳಗಿನ ಬೀದಿಯಲ್ಲಿ, ಇಡ್ಲಿ ಗಾಡಿ ಶಶಿಕಲಮ್ಮನ ಮನೆಯಲ್ಲಿರುವ ನಿನ್ನ ಮಗಳು ಕೋಮಲಾಳನ್ನು ಶತ್ರುವಿನ ಕಣ್ಣಿಗೆ ಬೀಳದಂತೆ ಬಚ್ಚಿಡು." ಎಲ್ಲರೂ ಆಮೆನ್ ಎಂದರು. ಅವಳೂ ಎಂದಳು. ಆಮೇಲೆ ಕಣ್ಣು ತೆರೆದಳು. ಚಾಪೆಯ ಮೇಲೆ ಸೆರಗು ಹೊದ್ದು ತಲೆ ತಗ್ಗಿಸಿ ಕೂತ ಹೆಂಗಸರು, ಮೂಲೆಯಲ್ಲಿ ಮುಚ್ಚಿಟ್ಟ ಹೊಲಿಗೆ ಮಷಿನ್ನುಗಳು, ಕಣ್ಣು ಮುಚ್ಚಿ ಮೈಕನ್ನು ತುಟಿಗೆ ಒತ್ತಿಕೊಂಡು ನಿಂತ ಪಾಸ್ಟರು. ಎಲ್ಲ ಇದ್ದ ಹಾಗೇ ಇತ್ತು. ಅವರು ಆಗಲೇ ಮುಂದಿನ ಹೆಸರಿಗೆ ಹೋಗಿ, ಯಾರದೋ ಮೂತ್ರಪಿಂಡದ ಕಲ್ಲು ಕರಗಲಿ ಎಂದು ಬೇಡುತ್ತಿದ್ದರು.

ಎದ್ದು ಓಡಬೇಕಿತ್ತು. ಓಡಲಿಲ್ಲ. ಪ್ರಾರ್ಥನೆಯ ನಡುವೆ ಏಳುವುದು ಆ ಸಭೆಯಲ್ಲಿ ಇಲ್ಲ. ಹಾಲು ಕುಡಿಯುವ ಮಗು ಅತ್ತರೂ ತಾಯಿ ಕೂತಲ್ಲೇ ಸೆರಗಿನೊಳಗೆ ಸುಧಾರಿಸುತ್ತಾಳೆ. ಎದ್ದರೆ ಏನಂದುಕೊಂಡಾರು ಎಂಬ ಒಂದೇ ಕಾರಣಕ್ಕೆ ತಾನು ಕೂತಿದ್ದೇನೆ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು, ಗೊತ್ತಿದ್ದೂ ಕೂತಿದ್ದಳು. ಕಲ್ಲು ಕರಗಿತು, ಯಾರದೋ ಮಗಳಿಗೆ ಗಂಡು ಸಿಕ್ಕಿತು, ಗುಬ್ಬಿಯಲ್ಲಿ ಕೋರ್ಟಿಗೆ ಬಿದ್ದ ಸೈಟು ಬಿಡುಗಡೆಯಾಯಿತು. ಪ್ರತಿಯೊಂದಕ್ಕೂ ಹೆಸರಿತ್ತು, ಊರಿತ್ತು, ಬೀದಿಯಿತ್ತು. ಹಾಗೆ ಇರಲೇಬೇಕೆಂದು ಪಾಸ್ಟರು ಅವರಿಗೆಲ್ಲ ಕಲಿಸಿದ್ದರು. ಹೆಸರು ಹೇಳಿ, ಊರು ಹೇಳಿ. ಮೊಗಮ್ಮಾಗಿ ಬೇಡುವುದು ನಂಬಿಕೆ ಸಾಲದವರ ಲಕ್ಷಣ. ಕೈಬೆರಳಿನಲ್ಲಿ ಹೊಲಿಗೆ ಸೂಜಿ ಮುರಿದುಕೊಂಡಾಗ ನೇತ್ರಾವತಿಯ ಎಡಗೈ ತೋರುಬೆರಳಿನ ಎರಡನೇ ಗೆಣ್ಣಿಗೂ ಇಲ್ಲಿ ಪ್ರಾರ್ಥನೆ ನಡೆದಿತ್ತು. ಆಗ ಅವಳ ಕಣ್ಣಲ್ಲಿ ನೀರು ಬಂದಿತ್ತು. ತನ್ನ ಬೆರಳಿನ ಗೆಣ್ಣನ್ನು ಇಷ್ಟು ಜನ ಹೆಸರಿಟ್ಟು ಕರೆಯುತ್ತಿದ್ದಾರಲ್ಲ ಎಂದು.

ಪಾಸ್ಟರಿಗೆ ಆ ವಿಳಾಸ ಕೊಟ್ಟವಳು ಅವಳೇ. ಬುಧವಾರ ಫೋನಿನಲ್ಲಿ. ಅವರು ಕೇಳಿದ್ದು ಇಷ್ಟೇ: "ಎಲ್ಲಿದಾರೆ ಅಂತ ಗೊತ್ತಿದ್ರೆ ಪ್ರಾರ್ಥನೆ ಮಾಡಕ್ಕೆ ಸುಲಭ ಸಿಸ್ಟರ್." ಅವಳು ಒಂದು ಗಳಿಗೆ ತಡೆದಿದ್ದಳು ಎಂದು ಈಗ ನೆನಪು ಮಾಡಿಕೊಳ್ಳಲು ನೋಡಿದಳು. ಇಲ್ಲ, ತಡೆದಿರಲಿಲ್ಲ. ಹೇಳುವುದಕ್ಕೆ ಅವಳಿಗೆ ತವಕವಿತ್ತು. ಇಸ್ತ್ರಿಪೆಟ್ಟಿಗೆಯಿಂದ ಸುಟ್ಟ ಬಲಗೈಯನ್ನು ದುಪಟ್ಟದಲ್ಲಿ ಸುತ್ತಿಕೊಂಡು ಹೊಲಿಗೆ ಕ್ಲಾಸಿಗೆ ಬಂದ ಹುಡುಗಿಯನ್ನು, ಇಡೀ ಕಾಲೋನಿ ಹೆದರುವ ಅಂಜಿಯ ಹೆಂಡತಿಯನ್ನು, ಹಾಡುಹಗಲೇ ಆಟೋದಲ್ಲಿ ಕೂರಿಸಿಕೊಂಡು ಹೋಗಿ ಬಸ್ಸು ಹತ್ತಿಸಿದ್ದು ತಾನು ಎಂಬುದನ್ನು ಯಾರಿಗಾದರೂ ಹೇಳದಿದ್ದರೆ ಅದು ನಡೆದೇ ಇಲ್ಲವೇನೋ ಎನ್ನಿಸುತ್ತಿತ್ತು. ಬೆಂಗಳೂರಿನಿಂದ ಮಿಷನ್ನಿನವರು ವರ್ಷಕ್ಕೊಮ್ಮೆ ಬರುತ್ತಾರೆ. ಬೀದಿಯ ಚರಂಡಿ, ಸೂರಿಲ್ಲದ ಬಚ್ಚಲು, ಮೂಗು ಸೋರುವ ಮಕ್ಕಳು, ಎಲ್ಲದರ ಫೋಟೋ ತೆಗೆಯುತ್ತಾರೆ. "ಇಂಥ ಅಪಾಯದ ಜಾಗಕ್ಕೆ ಒಬ್ಬರೇ ಬರ್ತೀರಾ ಸಿಸ್ಟರ್?" ಎಂದು ಕಣ್ಣರಳಿಸುತ್ತಾರೆ. ಆ ಮಾತಿಗೆ ಅವಳು ತಲೆ ತಗ್ಗಿಸುತ್ತಿದ್ದಳು. ಆ ತಲೆ ತಗ್ಗಿಸುವುದರೊಳಗೆ ಎಂಥ ಹೆಮ್ಮೆ ಇತ್ತು ಎಂಬುದು ಈಗ, ಮೂತ್ರಪಿಂಡದ ಕಲ್ಲಿನ ನಂತರ, ಸೈಟಿನ ನಂತರ, ಚಾಪೆಯ ಮೇಲೆ ಕೂತಿರುವಾಗ ಹೊಳೆದು ಅವಳ ಕಿವಿ ಬಿಸಿಯಾಯಿತು.

ಕೊನೆಯ ಸ್ತೋತ್ರ ಮುಗಿಯುವಷ್ಟರಲ್ಲಿ ಅವಳು ಪಾಸ್ಟರ ಮುಂದಿದ್ದಳು. ಅವರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು.

"ಪಾಸ್ಟ್ರೇ, ಅಡ್ರೆಸ್ ಹೇಳಿಬಿಟ್ರಲ್ಲ."

"ಯಾರದು ಸಿಸ್ಟರ್?"

"ಕೋಮಲಂದು. ಮೈಕಲ್ಲಿ."

ಅವರು ನಿಜವಾಗಿಯೂ ಯೋಚಿಸಿದರು. ಅದೇ ಅವಳಿಗೆ ಹೆಚ್ಚು ಉರಿಯಿತು. "ಪ್ರಾರ್ಥನೆಲಿ ಹೇಳಿದ್ದಲ್ವಾ," ಎಂದರು. "ಸುಮ್ನೆ ಮಾತಿಗೆ ಹೇಳಿದ್ದಲ್ಲ."

"ಬೀದಿಗೆಲ್ಲ ಕೇಳಿಸ್ತು."

"ಕೇಳಿಸ್ಲಿ ಅಂತಾನೇ ಅಲ್ವಾ ಕಟ್ಟಿರೋದು? ಬಾಗಿಲು ದಾಟಿ ಒಳಗೆ ಬರಕ್ಕೆ ನಾಚ್ಕೊಳೋರಿಗೂ ತಲುಪ್ಲಿ ಅಂತ."

"ಅಂಜಿ ಹುಡುಗ್ರು ಎದುರಿಗೇ ಕೇರಂ ಆಡ್ತಾ ಕೂತಿರ್ತಾರೆ ಪಾಸ್ಟ್ರೇ."

"ಅವರಿಗೋಸ್ಕರಾನೂ ಪ್ರಾರ್ಥಿಸಿದೀನಿ. ಒಬ್ಬೊಬ್ಬರ ಹೆಸರು ಹಿಡಿದು." ಅವರು ಅವಳನ್ನು ಮರುಕದಿಂದ ನೋಡಿದರು. "ಪ್ರಾರ್ಥನೆಯಿಂದ ಯಾರಿಗಾದ್ರೂ ಕೇಡಾಗುತ್ತಾ ಸಿಸ್ಟರ್? ನೀವೇ ಹೇಳಿ. ಉಪವಾಸ ಇದೀರ, ತಲೆ ಸುತ್ತಿರ್ಬೇಕು. ಸ್ವಲ್ಪ ನೀರು ಕುಡೀರಿ."

ಅವರು ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಇದೇ ಅಂಜಿ ಕುಡಿದು ಬಂದು ಕುತ್ತಿಗೆಗೆ ಲಾಂಗು ಇಟ್ಟಾಗ ಇವರು ಕದಲದೆ ನಿಂತಿದ್ದರು. ಇವರ ಕಿವಿಯ ಕೆಳಗೆ ಇನ್ನೂ ಆ ಗೆರೆಯಿದೆ. ಡೆಂಗಿ ಬಂದ ಮಳೆಗಾಲದಲ್ಲಿ ಮನೆಮನೆಯ ಕಾಯಿಲೆಯವರನ್ನು ತಮ್ಮ ಹಳೇ ಸ್ಕೂಟರಿನ ಹಿಂದೆ ಕಟ್ಟಿಕೊಂಡಂತೆ ಕೂರಿಸಿ ಆಸ್ಪತ್ರೆಗೆ ಸಾಗಿಸಿದ್ದರು. ಅಂಥವರ ಮುಂದೆ ಕೂಗಾಡುವುದು ಹೇಗೆ? ಒಳ್ಳೆಯವರ ತಪ್ಪಿಗೆ ಸಿಟ್ಟು ಮಾಡಿಕೊಳ್ಳಲು ಯಾರೂ ಅವಳಿಗೆ ಕಲಿಸಿರಲಿಲ್ಲ. ಅವಳು ಚಪ್ಪಲಿ ಹುಡುಕಿ ಹೊರಗೆ ಬಂದಳು.

ಎದುರಿಗೆ ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದ ಕರಿಬಸಮ್ಮ, ಹಣೆ ತುಂಬ ವಿಭೂತಿಯ ಮುದುಕಿ, ತಲೆಯೆತ್ತಿ ನೋಡಿದಳು. "ಏನವ್ವ ನೇತ್ರಮ್ಮ, ನಿಮ್ಮ ದೇವ್ರಿಗೆ ಅಡ್ರೆಸ್ ಕೊಡ್ದಿದ್ರೆ ಮನೆ ಸಿಗಕ್ಕಿಲ್ವಾ?"

ನೇತ್ರಾವತಿ ಕೇರಂ ಬೋರ್ಡಿನ ಕಡೆ ನೋಡಿದಳು. ಕಾಯಿಗಳು ಅರ್ಧ ಆಟದಲ್ಲಿ ಹಾಗೇ ಬಿದ್ದಿದ್ದವು. ಯಾರೂ ಇರಲಿಲ್ಲ.

"ಹೋದ್ರು ಕಣವ್ವ. ಒಬ್ಬ ಫೋನ್ ಹಚ್ಕಂಡು ಅಂಜಿಗೆ ಹೇಳ್ತಿದ್ದ. ಅವ್ನು ಕೋರದ ತಾವ ಟೆಂಪೋ ಲೋಡಿಗೆ ಹೋಗವ್ನಂತೆ. ಖಾಲಿ ಮಾಡ್ಕಂಡು ಬರ್ಬೇಕಲ್ಲ, ಅಷ್ಟೊತ್ತು ನಿಂದು." ಮುದುಕಿ ಇನ್ನೊಂದು ಕಟ್ಟಿನ ಮೇಲೆ ನೀರು ಚಿಮುಕಿಸಿದಳು. "ಆ ಮಗೀನ ಕೈ ಸುಟ್ಟ ದಿವ್ಸ ನಂಗೂ ಕೇಳಿಸ್ತು, ಬುಡು. ನಾವೇನು ಮಾಡಿದ್ವಿ. ನೀನಾದ್ರೂ ಬಸ್ ಹತ್ತಿಸ್ದೆ. ಆಮೇಲೆ ಊರಿಗೆಲ್ಲ ಸಾರಿಸ್ದೆ."

ಶಶಿಕಲಮ್ಮನ ಫೋನು ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅದು ಮನೆಯಲ್ಲಿ ಗೂಡಿನ ಮೇಲಿರುತ್ತದೆ. ಶಶಿಕಲಮ್ಮ ಗಾಡಿಯ ಹತ್ತಿರವಿರುತ್ತಾಳೆ. ಮನೆಯಲ್ಲಿರುವ ಕೋಮಲಾಳಿಗೆ ಯಾರ ಫೋನು ಬಂದರೂ ಎತ್ತಬೇಡ ಎಂದು ತಾಕೀತು ಮಾಡಿದವಳು ನೇತ್ರಾವತಿಯೇ. ಅಷ್ಟು ಎಚ್ಚರ ವಹಿಸಿದ್ದಳು. ಹುಡುಗಿಯ ಮೊಬೈಲನ್ನು ಹೊಲಿಗೆ ಮಷಿನ್ನಿನ ಡ್ರಾಯರಿನಲ್ಲೇ ಬಿಡಿಸಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಮುಖಕ್ಕೆ ದುಪಟ್ಟ ಕಟ್ಟಿಸಿದ್ದಳು. ಎಲ್ಲ ಬಾಗಿಲನ್ನೂ ಒಂದೊಂದಾಗಿ ಹಾಕಿ, ಕೊನೆಗೆ ಸೂರನ್ನೇ ಎತ್ತಿಟ್ಟ ಹಾಗೆ.

ತುಮಕೂರಿನಿಂದ ಹೊರಟ ಕುಣಿಗಲ್ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಜಾಗ ಸಿಕ್ಕಿದ್ದಕ್ಕೆ ಅಭ್ಯಾಸದಿಂದ ಸ್ತೋತ್ರ ಎಂದುಕೊಂಡು ನಾಲಿಗೆ ಕಚ್ಚಿಕೊಂಡಳು. ಗಂಡ ರಂಗನಾಥ್ ಫೋನ್ ಮಾಡಿದ. ಅವನು ಅವಳನ್ನು ಶೆಟ್ಟಿಹಳ್ಳಿಯ ಮನೆಯಿಂದ ಕರೆತಂದು ಕಾಲೋನಿಯ ತಿರುವಿನಲ್ಲಿ ಇಳಿಸುತ್ತಾನೆ. ಅಲ್ಲಿಂದ ಮುಂದಕ್ಕೆ ಸ್ಕೂಟರನ್ನು ತರುವುದಿಲ್ಲ. ಅವಳ ನಂಬಿಕೆಯನ್ನೂ ಹಾಗೇ ತಿರುವಿನವರೆಗೆ ಮಾತ್ರ ಕರೆತರುತ್ತಾನೆ. "ಎಲ್ಲಿದೀಯ? ತಿರುವಲ್ಲಿ ನಿಂತಿದೀನಿ." ಕುಣಿಗಲ್ಲಿಗೆ ಹೋಗುತ್ತಿದ್ದೇನೆ ಎಂದಳು. ಯಾಕೆಂದು ಕೇಳಿದ. ಹೇಳಿದಳು. "ನಂಗೂ ಹೇಳಿರ್ಲಿಲ್ಲ ನೀನು, ಆ ಹುಡುಗಿ ಎಲ್ಲಿದಾಳೆ ಅಂತ," ಎಂದ. ಸಿಟ್ಟಿನಿಂದಲ್ಲ. "ನಾನು ಕೇಳ್ದಾಗ, ಗೊತ್ತಿಲ್ಲ ಅಂದೆ." ಹೌದು, ಹಾಗೆಂದಿದ್ದಳು. ಗಂಡನಿಂದ ಮುಚ್ಚಿಟ್ಟು ಮೈಕಿಗೆ ಕೊಟ್ಟಿದ್ದಳು. ಊಟ ಮಾಡು ಎಲ್ಲಾದರೂ ಎಂದು ಹೇಳಿ ಅವನು ಫೋನಿಟ್ಟ.

ಹೆಬ್ಬೂರು ದಾಟಿತು. ರಾಗಿ ಹೊಲದ ಮೇಲೆ ಬಿಸಿಲು ಬಿಳಿಚಿಕೊಂಡಿತ್ತು. ಅವಳಿಗೆ ಚಿಕ್ಕಂದಿನ ಒಂದು ದಿನ ನೆನಪಾಯಿತು. ತವರು ಹಾಗಲವಾಡಿಯ ಮನೆಯ ಅಡುಗೆಕೋಣೆಯಲ್ಲಿ ಅವ್ವ, ನರಸಿಂಹಮ್ಮ, ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಇಟ್ಟು ಗಂಟು ಹಾಕುತ್ತಿದ್ದಳು. ಅವಳ ತುಟಿ ಅಲುಗುತ್ತಿತ್ತು, ಸದ್ದಿರಲಿಲ್ಲ. ಅಪ್ಪ ಜ್ವರದಲ್ಲಿ ಮಲಗಿದ್ದ ದಿನಗಳು. ಗಂಟನ್ನು ಜಂತೆಗೆ ಸಿಕ್ಕಿಸಿ ಸ್ಟೂಲಿನಿಂದ ಇಳಿದವಳನ್ನು ಹುಡುಗಿ ನೇತ್ರಾವತಿ ಕೇಳಿದ್ದಳು, ಏನು ಬೇಡ್ಕೊಂಡೆ ಅವ್ವ. "ಮುಡಿಪು ಕಟ್ದೋರು ಬಾಯಿ ಬಿಡ್ಬಾರ್ದು ಕಣೇ. ಬಿಟ್ರೆ ಅದು ಹೋಯ್ತು." ಇಡೀ ಮನೆ ಆ ಗಂಟಿನ ಕೆಳಗೆ ಓಡಾಡಿತು, ಯಾರೂ ಕೇಳಲಿಲ್ಲ. ಅವ್ವನ ಅತ್ತೆಯಂಥ ಅತ್ತೆಯೂ ಕೇಳಲಿಲ್ಲ. ಬಹಳ ವರ್ಷಗಳ ಮೇಲೆ ಸಭೆಯಲ್ಲಿ ಮೊದಲ ಸಲ ಸಾಕ್ಷಿ ಹೇಳಲು ನಿಂತಾಗ ನೇತ್ರಾವತಿ ಆ ಗಂಟಿನ ಕತೆ ಹೇಳಿ ನಗಿಸಿದ್ದಳು. ನಮ್ಮವ್ವ ದೇವರಿಗೂ ಕೇಳಿಸದ ಹಾಗೆ ಬೇಡುತ್ತಿದ್ದಳು ಎಂದಿದ್ದಳು. ಸ್ತೋತ್ರ ಸ್ತೋತ್ರ ಎಂದು ಎಲ್ಲರೂ ಕೈ ಎತ್ತಿದ್ದರು. ಅವ್ವ ಆಗಿನ್ನೂ ಬದುಕಿದ್ದಳು. ಆ ಮಾತು ಲೌಡ್‌ಸ್ಪೀಕರಿನಲ್ಲಿ ಬೀದಿಗೂ ಹೋಗಿತ್ತು ಎಂಬುದು ಇವತ್ತಿನವರೆಗೆ ಅವಳಿಗೆ ಹೊಳೆದಿರಲಿಲ್ಲ. ಅವಳಿಗೆ ದೇವರ ಮೇಲೆ ಸಿಟ್ಟಿರಲಿಲ್ಲ. ದೇವರು ಏನು ಮಾಡಿದ? ಅವನ ಕಿವಿಗೆ ಎಂದು ಹೇಳಿ ಎಲ್ಲರ ಕಿವಿಗೂ ಊದುವವರ ಮೇಲೆ, ಊದಿದ್ದಕ್ಕೆ ಆಮೆನ್ ಎಂದವರ ಮೇಲೆ ಸಿಟ್ಟು. ಆ ಸಾಲಿನಲ್ಲಿ ಮೊದಲು ತಾನೇ ಇದ್ದಳು.

ಏರಿಯ ಕೆಳಗಿನ ಬೀದಿಯಲ್ಲಿ ಬಾಗಿಲು ತಟ್ಟಿದಾಗ ಒಳಗಿನಿಂದ ಸದ್ದಿಲ್ಲ. "ಕೋಮಲಾ, ನಾನು, ನೇತ್ರಕ್ಕ," ಎಂದಳು. ಚಿಲಕ ಸರಿಯಿತು. ಹುಡುಗಿ ಇಡ್ಲಿ ತಟ್ಟೆಗಳನ್ನು ತೊಳೆಯುತ್ತಿದ್ದಳು. ಬಲಗೈಯ ಹೊಸ ಚರ್ಮ ಎಳೆ ಗುಲಾಬಿಯಾಗಿ ಹೊಳೆಯುತ್ತಿತ್ತು. ಮುಖ ತುಂಬಿಕೊಂಡಿತ್ತು. ಎರಡೇ ವಾರದಲ್ಲಿ ಒಂದು ಮುಖ ಇಷ್ಟು ತುಂಬಿಕೊಳ್ಳಬಹುದೇ ಎಂದು ನೇತ್ರಾವತಿ ನೋಡಿದಳು, ನೋಡಿ, ಹೇಳಬೇಕಾದ್ದನ್ನು ಬಾಗಿಲಲ್ಲೇ ನಿಂತು ಹೇಳಿಬಿಟ್ಟಳು. ಕೋಮಲಾ ಅಳಲಿಲ್ಲ. ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು.

"ನಿಮಗೊಬ್ಬರಿಗೇ ಹೇಳಿದ್ದು ಅಕ್ಕ ನಾನು."

"ಪಾಸ್ಟರಿಗೆ ಹೇಳ್ದೆ. ಪ್ರಾರ್ಥನೆಗೆ ಅಂತ."

"ಅದೇ," ಎಂದಳು ಕೋಮಲಾ. ಗೋಡೆಯ ಮೊಳೆಯಿಂದ ಚೀಲ ತೆಗೆದುಕೊಂಡು ಬಟ್ಟೆ ತುಂಬತೊಡಗಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮಡಿಸಿಟ್ಟ ಎರಡು ಚೂಡಿದಾರ, ಒಂದು ಬಾಚಣಿಗೆ, ಕೈಗೆ ಹಚ್ಚುವ ಮುಲಾಮು. ಓಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿದೆ, ಆ ಅಭ್ಯಾಸ ಕಲಿಸಿದ್ದು ಗಂಡ ಒಬ್ಬನೇ ಅಲ್ಲ.

ಯಾರೋ ಹೋಗಿ ಕರೆದದ್ದಕ್ಕೆ ಶಶಿಕಲಮ್ಮ ಗಾಡಿಯನ್ನು ಹಾಗೇ ಬಿಟ್ಟು ಓಡಿ ಬಂದಳು. ವಿಷಯ ಕೇಳಿ ನೇತ್ರಾವತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏನ್ರಮ್ಮ, ಗೋಡೆ ಆಚೆ ಮನೆಯವ್ಳಿಗೆ ಇವ್ಳು ನನ್ನ ಅಕ್ಕನ ಮಗಳು ಅಂತಾನೂ ನಾನು ಹೇಳಿಲ್ಲ. ಕೆಲ್ಸಕ್ಕೆ ಬಂದವ್ಳೆ ಅಂದಿದೀನಿ. ನೀವು ಇಡೀ ತುಮಕೂರಿಗೆ ಹೇಳಿದ್ರಲ್ಲ. ಅದೂ ಕಣ್ ಮುಚ್ಕಂಡು."

"ತಪ್ಪಾಯ್ತು."

"ತಪ್ಪು ಅಂದ್ರೆ ಏನು, ಸಾರಿಗೆ ಉಪ್ಪು ಜಾಸ್ತಿ ಆಯ್ತಾ?"

"ಚಿಕ್ಕಮ್ಮ, ಬಿಡು," ಎಂದಳು ಕೋಮಲಾ.

"ಎಲ್ಲಿಗೆ ಹೋಗ್ತೀಯ?" ಕೇಳಿದಳು ನೇತ್ರಾವತಿ. ಮಾತು ತಾನಾಗಿ ಬಂತು, ಕೇಳಬಾರದು ಎಂದುಕೊಳ್ಳುವುದರೊಳಗೆ. ಕೋಮಲಾ ಚೀಲದ ಜಿಪ್ಪು ಎಳೆಯುತ್ತಿದ್ದವಳು ನಿಲ್ಲಿಸಿ, ಮೊದಲ ಸಲ ಅವಳ ಮುಖವನ್ನು ನೇರ ನೋಡಿದಳು. "ಹೇಳಲ್ಲ ಅಕ್ಕ." ಆಮೇಲೆ, ನೊಂದುಕೊಂಡಾಳೆಂದೋ ಏನೋ, ಮೆಲ್ಲಗೆ ಸೇರಿಸಿದಳು: "ಪ್ರಾರ್ಥನೆ ಮಾಡಿ. ಮಾಡ್ಬೇಡಿ ಅನ್ನಲ್ಲ. ಹೆಸ್ರು ಬೇಡ."

ಆಗ ಶಶಿಕಲಮ್ಮ ಒಂದು ಮಾತು ಹೇಳಿದಳು. "ನೀವು ಇಲ್ಲೇ ಒಳಗೆ ಕೂತ್ಕಳಿ. ಇವ್ಳು ಯಾವ ಕಡೆ ಹೋದ್ಳು, ಯಾವ ಬಸ್ ಹತ್ತಿದ್ಳು, ನೋಡ್ಬೇಡಿ. ನೋಡಿದ್ರೆ ಹೇಳ್ತೀರ." ಅವಳು ಅದನ್ನು ಬೈಗುಳವಾಗಿ ಹೇಳಲಿಲ್ಲ, ಹಾಲು ಉಕ್ಕುತ್ತದೆ ನೋಡಿಕೋ ಎನ್ನುವ ಹಾಗೆ ಹೇಳಿದಳು. ಇಬ್ಬರೂ ಹೊರಗೆ ಹೋದರು. ಹೊರಗಿನಿಂದ ಚಿಲಕ ಬಿತ್ತು.

ನಲವತ್ತಾರು ವರ್ಷದ ಹೆಂಗಸು, ಹೊಲಿಗೆ ಟೀಚರು, ಇಂಥ ಅಪಾಯದ ಜಾಗಕ್ಕೆ ಒಬ್ಬಳೇ ಹೋಗುವ ಸಿಸ್ಟರು, ಯಾರದೋ ಮನೆಯ ಒಳಗೆ ಚಿಲಕ ಹಾಕಿಸಿಕೊಂಡು ಕೂತಳು. ಗೋಡೆಯ ಮೇಲೆ ಯಡಿಯೂರು ಸಿದ್ಧಲಿಂಗೇಶ್ವರನ ಪಟ, ಅದರ ಮೇಲೆ ಬಾಡಿದ ಕಣಗಿಲೆ. ನೆನೆಹಾಕಿದ ಅಕ್ಕಿಯ ಹುಳಿ ವಾಸನೆ. ಅವಮಾನದಿಂದ ಮೈಯೆಲ್ಲ ಬೆವೆತಿತ್ತು. ಬಾಗಿಲು ಬಡಿದು, ನನ್ನನ್ನು ಏನೆಂದುಕೊಂಡಿದ್ದೀರಿ ಎಂದು ಕೇಳಬೇಕೆನ್ನಿಸಿತು. ಏನೆಂದುಕೊಳ್ಳಬೇಕೋ ಅದನ್ನೇ ಅಂದುಕೊಂಡಿದ್ದಾರೆ. ಪ್ರಾರ್ಥಿಸಲು ಕಣ್ಣು ಮುಚ್ಚಿದಳು. ಕರ್ತನೇ, ಎಂದಳು. ಮುಂದೆ ಬರಲಿಲ್ಲ. ಬರಲು ಊರೊಂದು ಬೇಕಿತ್ತು. ಮನಸ್ಸು ತಾನೇ ಹುಡುಕಲು ಹೊರಟಿತು: ಯಡಿಯೂರಿರಬಹುದು, ಇಲ್ಲ, ಮದ್ದೂರಿನ ಕಡೆ ಯಾರೋ ಗೆಳತಿ ಇದ್ದಾಳೆಂದಿದ್ದಳಲ್ಲ, ಗಾರ್ಮೆಂಟ್ಸಿನಲ್ಲಿ... ಅವಳು ಬೆಚ್ಚಿ ಕಣ್ಣು ತೆರೆದಳು. ಊಹೆಯೂ ಒಂದು ವಿಳಾಸವೇ. ಅದನ್ನೂ ಮನಸ್ಸಿನೊಳಗೆ ಬಿಟ್ಟುಕೊಳ್ಳಬಾರದು. ಬೀದಿಯಲ್ಲಿ ಒಂದು ಬಸ್ಸು ನಿಂತು ಹೊರಟ ಸದ್ದಾಯಿತು. ಅದು ಯಾವ ದಿಕ್ಕಿಗೆ ಹೋಯಿತೆಂದು ಕೇಳಿಸಿಕೊಳ್ಳದಿರಲು ಅವಳು ಎರಡು ಕಿವಿಯನ್ನೂ ಅಂಗೈಯಿಂದ ಒತ್ತಿ ಮುಚ್ಚಿಕೊಂಡಳು. ಹಾಗೇ, ಮಾತಿಲ್ಲದೆ, ಬಹಳ ಹೊತ್ತು ಕೂತಳು. ಶಶಿಕಲಮ್ಮ ಬಂದು ಚಿಲಕ ತೆಗೆದು, "ಇನ್ನು ಹೋಗ್ಬೋದು," ಎಂದಳು. ನೀರು ಕೊಡಲಿಲ್ಲ.

ಅಂಜಿ ಆ ಸಂಜೆ ಕುಣಿಗಲ್ಲಿಗೆ ಹೋದದ್ದು ಶನಿವಾರ ಬೆಳಿಗ್ಗೆ ಗೊತ್ತಾಯಿತು. ಶಶಿಕಲಮ್ಮನೇ ಫೋನ್ ಮಾಡಿದಳು. ಹುಡುಗಿ ಸಿಗದ ಸಿಟ್ಟಿಗೆ ಅವನೂ ಅವನ ಹುಡುಗರೂ ಇಡ್ಲಿ ಗಾಡಿಯನ್ನು ಏರಿಯ ಮೇಲಿಂದ ಕೆರೆಗೆ ತಳ್ಳಿದ್ದರು. ಸ್ಟೇಷನ್ನಿಗೆ ಹೋಗಿದ್ದೆ, ಸೋಮವಾರ ಬನ್ನಿ ಅಂದರು ಎಂದಳು. "ನಿಮ್ಗೆ ಯಾಕೆ ಹೇಳ್ತಿದೀನಿ ಅಂದ್ರೆ," ಎಂದು ಅರ್ಧಕ್ಕೆ ನಿಲ್ಲಿಸಿ, "ನಂಗೂ ಗೊತ್ತಿಲ್ಲ," ಎಂದು ಫೋನಿಟ್ಟಳು. ನೇತ್ರಾವತಿ ಪಾಸ್ಟರಿಗೆ ಹೇಳಿದಳು. ಈ ಮನುಷ್ಯನಿಗೆ ಈಗಲಾದರೂ ತಾಗೀತು ಎಂದು ಅವಳು ಕಾದಳು. "ನೋಡಿದ್ರಾ ಸಿಸ್ಟರ್, ಮಗಳು ಸಿಗಲಿಲ್ಲ," ಎಂದರು ಅವರು. ಅವರ ಧ್ವನಿ ನಡುಗುತ್ತಿತ್ತು. "ಬೇಡಿದ್ದಕ್ಕೆ ಉತ್ತರ ಬಂತು. ಸ್ತೋತ್ರ." ಗೂಡಿನ ಮೇಲಿನ ಫೋನು, ಬಸ್ಸು, ಚಿಲಕ, ಗುಲಾಬಿ ಚರ್ಮದ ಕೈ ಬಟ್ಟೆ ತುಂಬಿಕೊಂಡದ್ದು, ಎಲ್ಲವನ್ನೂ ಒಂದೇ ಶಬ್ದದಲ್ಲಿ ಒರೆಸಿ ಹಾಕಿದರು. ನೇತ್ರಾವತಿಗೆ ಫೋನನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಇನ್ನು ಸಭೆಗೆ ಕಾಲಿಡುವುದಿಲ್ಲ ಎಂದು ರಂಗನಾಥನಿಗೆ ಹೇಳಿದಳು. ಭಾನುವಾರ ಬೆಳಿಗ್ಗೆ ಅವಳು ಸೀರೆ ಉಟ್ಟು ಹೊರಗೆ ಬಂದಾಗ ಅವನು ಸ್ಕೂಟರು ಒರೆಸುತ್ತಿದ್ದ.

ಆ ಭಾನುವಾರ ಗಂಡಸರ ಕಡೆಯ ಕೊನೆಯ ಸಾಲಿನಲ್ಲಿ ಅಂಜಿ ಕೂತಿದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ಬಿಳಿ ಅಂಗಿ, ಕೈಕಟ್ಟಿ, ತಲೆ ತಗ್ಗಿಸಿ. ಒಳಗೆ ಬಂದ ಹೆಂಗಸರು ಅವನನ್ನು ಕಂಡು ಗೋಡೆಯ ಕಡೆ ಸರಿದು ಕೂತರು. ಅವರಲ್ಲಿ ಅರ್ಧದಷ್ಟು ಜನರ ಮಕ್ಕಳು ಅವನ ಗಾಂಜಾ ಪೊಟ್ಟಣಗಳನ್ನು ಹಂಚುವವರು. ಪಾಸ್ಟರ ಕಣ್ಣಲ್ಲಿ ಆಗಲೇ ನೀರಿತ್ತು. ಲಾಂಗು ಹಿಡಿದು ಬಂದವನು ತಲೆ ಬಾಗಿಸಿ ಬಂದಿದ್ದಾನೆ. ವರ್ಷಗಟ್ಟಲೆ ಹೆಸರು ಹಿಡಿದು ಬೇಡಿದ್ದರು ಅವರು. ಅದು ಸುಳ್ಳು ಸಂತೋಷವಲ್ಲ ಎಂಬುದು ನೇತ್ರಾವತಿಗೆ ಕಾಣುತ್ತಿತ್ತು. ಅಷ್ಟು ನಿಜವಾದ ಸಂತೋಷ ಇಷ್ಟು ಕುರುಡಾಗಿರಬಹುದೇ ಎಂದು ಅವಳಿಗೆ ರೋಷ ಬಂತು.

ಹಾಡು ಮುಗಿದ ಮೇಲೆ ಪಾಸ್ಟರು ಅವನನ್ನು ಮುಂದೆ ಕರೆದರು. ಅವನು ಬಂದು ಮಂಡಿಯೂರಿದ. "ತಪ್ಪಾಯ್ತು ಪಾಸ್ಟ್ರೇ," ಎಂದ. "ನನ್ ಹೆಂಡ್ತಿ ನಂಗೆ ಬೇಕು. ಅವ್ಳು ಎಲ್ಲವ್ಳೆ ಅಂತ ಗೊತ್ತಾದ್ರೆ ಹೋಗಿ ಕಾಲಿಗೆ ಬಿದ್ದು ಕರ್ಕಂಡು ಬರ್ತೀನಿ." ಸ್ತೋತ್ರ, ಎಂದರು ಪಾಸ್ಟರು. ಆ ಕಡೆ ಈ ಕಡೆ ನೋಡಿ, ನೇತ್ರಾವತಿಯ ಮೇಲೆ ಕಣ್ಣು ನಿಲ್ಲಿಸಿದರು. "ಸಿಸ್ಟರ್, ಮುಂದೆ ಬನ್ನಿ. ಒಡೆದ ಮನೆ ಕೂಡಿಸೋದಕ್ಕಿಂತ ದೊಡ್ಡ ಸೇವೆ ಇಲ್ಲ. ನಿಮಗೆ ಗೊತ್ತಿದ್ರೆ ಹೇಳ್ಬಿಡಿ."

"ನಂಗೆ ಗೊತ್ತಿಲ್ಲ."

"ಮೊನ್ನೆ ನೀವೇ ಹೋಗಿದ್ರಿ."

"ಗೊತ್ತಿಲ್ಲ ಪಾಸ್ಟ್ರೇ."

ಪಕ್ಕದಿಂದ ಯಾರೋ, "ಹೇಳಿಬಿಡಿ ಟೀಚರ್, ಯಾಕೆ ಸುಮ್ನೆ," ಎಂದು ಪಿಸುಗುಟ್ಟಿದರು. ಆ ಪಿಸುಮಾತಿನಲ್ಲಿ ಇದ್ದದ್ದು ಭಯ. ಪಾಸ್ಟರು ಒತ್ತಾಯಿಸಲಿಲ್ಲ. ಮೈಕನ್ನು ಅವಳ ಕೈಗೆ ಕೊಟ್ಟು, "ಹಾಗಾದ್ರೆ ನೀವೇ ಪ್ರಾರ್ಥಿಸಿ. ಕೋಮಲಾ ಎಲ್ಲಿದ್ರೂ ಹಿಂದಕ್ಕೆ ಬರ್ಲಿ ಅಂತ," ಎಂದರು. ಅವಳ ಇನ್ನೊಂದು ಕೈಯನ್ನು ತಾವೇ ಹಿಡಿದು ಅಂಜಿಯ ತಲೆಯ ಮೇಲಿಟ್ಟರು. ಎಣ್ಣೆಯ ಜಿಡ್ಡು ಅಂಗೈಗೆ ಹತ್ತಿತು. ಎಲ್ಲರೂ ಕಣ್ಣು ಮುಚ್ಚಿದರು. ಆಗ ಕೆಳಗಿನಿಂದ, ತುಟಿ ಅಲುಗಿಸದೆ, ಮೈಕಿಗೆ ಕೇಳಿಸದಷ್ಟು ಮೆಲ್ಲಗೆ, ಅಂಜಿ ಹೇಳಿದ: "ನಿನ್ ಮನೆ ಶೆಟ್ಟಿಹಳ್ಳಿಲಿ ಎಲ್ಲದೆ ಅಂತ ನಂಗೊತ್ತು ಕಣಮ್ಮ."

ಅವಳು ಮೈಕನ್ನು ಬಾಯಿಯ ಹತ್ತಿರ ತಂದಳು. ಸೂರಿನ ಮೇಲೆ ಅವಳ ಉಸಿರು ದೊಡ್ಡದಾಗಿ ಕೇಳಿಸಿತು.

"ಕರ್ತನೇ," ಎಂದಳು, "ಹೆಸರು ಹೇಳಿ, ಊರು ಹೇಳಿ ಬೇಡಬೇಕು ಅಂತ ನಮಗೆ ಕಲಿಸಿದ್ದಾರೆ. ಇವನ ಹೆಸರು ಅಂಜನ್‌ಕುಮಾರ್. ಇದೇ ಕಾಲೋನಿ, ನೀರಿನ ಟ್ಯಾಂಕಿನ ಹಿಂದಿನ ಮನೆ. ಯುಗಾದಿ ಆದ ಮೇಲೆ ಒಂದು ಮಧ್ಯಾಹ್ನ ಇವನು ಹೆಂಡತಿಯ ಬಲಗೈ ಹಿಡಿದು ಅದರ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದ. ಅವಳು ಕೂಗಿದ್ದು ಪಕ್ಕದ ಮನೆಗೆ ಕೇಳಿಸಿತು, ಎದುರು ಮನೆಗೆ ಕೇಳಿಸಿತು. ಮೊನ್ನೆ ಶುಕ್ರವಾರ ಕುಣಿಗಲ್ಲಿನಲ್ಲಿ ಶಶಿಕಲಮ್ಮನ ಇಡ್ಲಿ ಗಾಡಿಯನ್ನು ಕೆರೆಗೆ ತಳ್ಳಿದ. ಇವನು ಮಾರುವ ಪೊಟ್ಟಣ ಇರೋದು ಎಲ್ಲಿ ಅಂತ ಇಲ್ಲಿ ಅರ್ಧ ಜನಕ್ಕೆ ಗೊತ್ತು: ಟ್ಯಾಂಕಿನ ಕೆಳಗೆ, ವಾಲ್ವಿನ ಗುಂಡಿಯಲ್ಲಿ, ಕಲ್ಲುಚಪ್ಪಡಿ ಮುಚ್ಚಿದೆ. ಈಗ ನನ್ನ ಕೈಯ ಕೆಳಗೆ ಕೂತು, ನನ್ನ ಮನೆ ಎಲ್ಲಿದೆ ಅಂತ ಗೊತ್ತು ಅಂದ. ನನ್ನ ಹೆಸರು ನೇತ್ರಾವತಿ. ನನ್ನ ಮನೆ ಶೆಟ್ಟಿಹಳ್ಳಿಯಲ್ಲಿ. ನನಗೆ ಏನಾದರೂ ಆದರೆ ಯಾರಿಂದ ಅಂತ ಇಲ್ಲಿರೋರಿಗೆಲ್ಲ ಗೊತ್ತಿರಲಿ."

ಚಾಪೆಯ ಮೇಲೆ ಕಣ್ಣುಗಳು ಒಂದೊಂದಾಗಿ ತೆರೆದುಕೊಂಡವು. ಪಾಸ್ಟರ ಕೈ ಆಂಪ್ಲಿಫೈಯರಿನ ಸ್ವಿಚ್ಚಿನ ಕಡೆ ಹೋಗಿ, ಅದರ ಮೇಲೆ ನಿಂತು, ಅಲ್ಲೇ ಉಳಿಯಿತು. ಅವರ ಕಿವಿಯ ಕೆಳಗಿನ ಗೆರೆ ಬೆಳ್ಳಗೆ ಕಾಣುತ್ತಿತ್ತು.

"ಕೋಮಲಾ ಎಲ್ಲಿದ್ದಾಳೆ ಅಂತ ನಿನಗೆ ಗೊತ್ತು," ಎಂದಳು. ಧ್ವನಿ ಈಗ ತಗ್ಗಿತ್ತು. "ನನಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ನೋಡಿಕೋ."

ಆಮೆನ್ ಎನ್ನಲು ಯಾರ ಬಾಯಿಯೂ ಏಳಲಿಲ್ಲ. ಹೊರಗೆ ಕೇರಂ ಕಾಯಿಗಳ ಸದ್ದು ನಿಂತಿತ್ತು. ಬೀದಿಯಲ್ಲಿ ಒಂದು ಚಪ್ಪಲಿಯ ಸದ್ದೂ ಇರಲಿಲ್ಲ. ಅಂಗೈಯ ಕೆಳಗೆ ಅಂಜಿಯ ತಲೆ ಅಲುಗದೆ, ಎಣ್ಣೆಯ ಜಿಡ್ಡಿನಡಿ ಬಿಸಿಯಾಗಿ, ನಾಡಿ ಹೊಡೆದುಕೊಳ್ಳುತ್ತ ಇತ್ತು. ನೇತ್ರಾವತಿ ಕೈ ತೆಗೆಯಲಿಲ್ಲ. ಕಣ್ಣು ತೆರೆದುಕೊಂಡೇ ಕಾದಳು.